ಮಗುಚಿ ಹಾಕಿದ ಅಚ್ಚು

ಗೌಸಮೊಹಿದ್ದೀನನ ಪ್ರಕಾರ ಪೂರ್ತಿ ಸವೆದ ಸಾಮಾನು ಎಂಬುದು ಈ ಲೋಕದಲ್ಲಿ ಇಲ್ಲ. ಒಂದು ಮಗ್ಗುಲು ಸವೆದಿರುತ್ತದೆ, ಅಷ್ಟೇ. ಮಗುಚಿ ಹಾಕಿದರೆ ಇನ್ನೊಂದು ಮಗ್ಗುಲು ಹೊಚ್ಚ ಹೊಸದಾಗಿ ಕಾದಿರುತ್ತದೆ. ಈ ಜ್ಞಾನ ಅವನಿಗೆ ಬಂದದ್ದು ಬಂಡಿ ರಿಪೇರಿ ಮಾಡುತ್ತಿದ್ದ ಅಪ್ಪನಿಂದ. ಎತ್ತಿನ ಬಂಡಿಯ ಕಬ್ಬಿಣದ ಅಚ್ಚು ಭಾರ ಹೊತ್ತು ಹೊತ್ತು ಕೆಳಗಡೆ ಸವೆಯುತ್ತದೆ. ಅಪ್ಪ ಅದನ್ನು ಬಿಚ್ಚಿ, ಮೇಲಿನದನ್ನು ಕೆಳಗೆ ಮಾಡಿ ಕೂಡಿಸಿದರೆ ಬಂಡಿ ಮತ್ತೆ ಒಂದು ಕಾಲ ಓಡುತ್ತಿತ್ತು.

ಅಪ್ಪ ಆ ವಿದ್ಯೆಯನ್ನು ಬಂಡಿಗೆ ಮಾತ್ರ ಬಳಸಿದ. ಮಗ ಅಲ್ಲಿಗೆ ನಿಲ್ಲುವ ಪೈಕಿ ಅಲ್ಲ. ಅಂಗಿಯ ಕಾಲರು ಸವೆದರೆ ಬಿಚ್ಚಿಸಿ ಮಗುಚಿ ಹೊಲಿಸಿದ. ಅಂಗಳದ ಪರಸಿಕಲ್ಲು ಸವೆದರೆ ಕಿತ್ತು ಮಗುಚಿ ಹಾಸಿದ. ಗಾದಿ ಮಗುಚಿದ, ಚಾಪೆ ಮಗುಚಿದ, ಕಡೆಗೆ ಕೆಳಗಡೆ ಗೆದ್ದಲು ಹತ್ತಿದ ತಲಬಾಗಿಲನ್ನೂ ಮಗುಚಿದ. ಚಿಲಕ ಮೊಣಕಾಲಿನ ಹತ್ತಿರ ಬಂತು. ಅಂದಿನಿಂದ ಆ ಮನೆಗೆ ಬರುವ ಬೀಗರು ಬಿಜ್ಜರು ಬಾಗಿಲಿಗೆ ಬಗ್ಗಿ ಸಲಾಮು ಹೊಡೆದೇ ಒಳಗೆ ಬರಬೇಕು. "ಮನ್ಯಾಗ ಮಗುಚಿ ಹಾಕಲಾರದ್ದು ಅಂದ್ರ ನಾನೊಬ್ಬಾಕಿ ಉಳದೀನಿ ನೋಡ್ರಿ" ಎಂದು ಹೆಂಡತಿ ಪ್ಯಾರಿಬಿ ನೆರೆಯವರ ಮುಂದೆ ಹೇಳುತ್ತಿದ್ದಳು.

ಅವರದು ಅಫಜಲಪುರ ತಾಲೂಕಿನಲ್ಲಿ ಭೀಮಾ ಹೊಳೆಯ ಬದಿಯ ಹಳ್ಳಿ, ಘತ್ತರಗಿಗಿಂತ ಒಂದು ಊರು ಮೊದಲು. ಹೊಳೆಗೆ ಇಟ್ಟ ಪಂಪುಗಳ ಮೋಟಾರು ಸುಟ್ಟರೆ ತಂತಿ ಸುತ್ತಿಕೊಡುವುದು ಗೌಸಮೊಹಿದ್ದೀನನ ಕಸುಬು. ಹರೆಯದಲ್ಲಿ, ಸೊನ್ನದ ಬ್ಯಾರೇಜ್ ಕಟ್ಟುವಾಗ, ಅಪ್ಪನ ಜೊತೆ ಬಂಡಿಯಲ್ಲಿ ಮೋಟಾರು ಹೇರಿಕೊಂಡು ಅಲ್ಲಿಗೆ ಹೋಗಿದ್ದ. ಬಂಡಿ ಎರೆಮಣ್ಣಿನಲ್ಲಿ ಚಕ್ರದ ನಡುವಿನ ಗುಂಭದವರೆಗೆ ಹೂತಿತು. ಎತ್ತುಗಳು ಮಂಡಿಯೂರಿದವು. ಆಗ ಯಾರೋ ಸಾಹೇಬರ ಜೀಪು ಬಂದು, ನಾಲ್ಕೂ ಚಕ್ರದಿಂದ ನೆಲ ಕೆರೆಯುತ್ತ, ಬಂಡಿಯನ್ನು ಹಗ್ಗ ಕಟ್ಟಿ ಎಳೆದು ಮೇಲೆ ಹಾಕಿತು. ಅಪ್ಪ ಎತ್ತುಗಳ ಕೊರಳು ಸವರಿದ, ಆಮೇಲೆ ಜೀಪಿನ ಬಾನೆಟ್ಟನ್ನೂ ಹಾಗೇ ಸವರಿದ. ಅವತ್ತೇ ಗೌಸಮೊಹಿದ್ದೀನ ಮನಸ್ಸಿನಲ್ಲಿ ಒಂದು ಜೀಪು ಕಟ್ಟಿಹಾಕಿಕೊಂಡ.

ನಿಜವಾದ ಜೀಪು ಸಿಕ್ಕಿದ್ದು ತಲೆ ನರೆತ ಮೇಲೆ. ಜೇವರ್ಗಿಯ ಒಂದು ದಾಲ್‌ಮಿಲ್ಲಿನ ಹಿತ್ತಲಲ್ಲಿ ಅಂಥದ್ದೇ ಜೀಪು ನಿಂತಿತ್ತು. ನಿಂತಿತ್ತು ಎಂದರೆ ದೊಡ್ಡ ಮಾತು; ಕುಂತಿತ್ತು. ನೆಲದ ತಗಡಿನ ತೂತಿನಿಂದ ಬೇವಿನ ಗಿಡ ಎದ್ದು ಡ್ರೈವರ್ ಸೀಟಿನಲ್ಲಿ ಕೂತುಬಿಟ್ಟಿತ್ತು. ಗುಜರಿಯ ಖಂಡಪ್ಪ ಅದನ್ನು ಒಯ್ಯಲು ಟೆಂಪೋ ತಂದು ನಿಲ್ಲಿಸಿದ್ದ. ಅಷ್ಟರಲ್ಲಿ ಗೌಸಮೊಹಿದ್ದೀನ ಮಿಲ್ಲಿನ ಮೋಟಾರುಗಳನ್ನೆಲ್ಲ ಪುಗಸಟ್ಟೆ ಸುತ್ತಿಕೊಡುತ್ತೇನೆಂದು ಮಾಲೀಕರಿಗೆ ಮಾತು ಕೊಟ್ಟು ಜೀಪನ್ನು ತನ್ನದಾಗಿಸಿಕೊಂಡ. "ಇವತ್ತಲ್ಲ ನಾಳೆ ಇದು ನನ್ನ ಕಡೀಗೆ ಬರಬೇಕು, ಕಾಕಾ" ಎಂದ ಖಂಡಪ್ಪ. ಶಾಪದಂತೆ ಏನೂ ಹೇಳಲಿಲ್ಲ, ಹವಾಮಾನ ವರದಿಯಂತೆ ಹೇಳಿದ.

ಜೀಪು ಬಂದು ಪ್ಯಾರಿಬಿ ಮೆಣಸಿನಕಾಯಿ ಒಣಹಾಕುವ ಜಾಗದಲ್ಲೇ ಪ್ರತಿಷ್ಠಾಪನೆಯಾಯಿತು. ಅಡುಗೆಮನೆಯ ಪರಾತದಲ್ಲಿ ಸೀಮೆಎಣ್ಣೆ, ಹಾಲಿನ ಪಾತೇಲಿಯಲ್ಲಿ ಪಿಸ್ಟನ್ನು, ಉಪ್ಪಿನಕಾಯಿ ಭರಣಿಯಲ್ಲಿ ನಟ್ಟು ಬೋಲ್ಟು. ಸಹಾಯಕ್ಕೆ ಗೆಳೆಯ ಪಾಂಡುರಂಗ. ಇವನು ರಿಟೈರಾದ ಬಸ್ ಕಂಡಕ್ಟರು. ಜನ್ಮದಲ್ಲಿ ಒಂದು ಬಾನೆಟ್ಟು ಎತ್ತಿದವನಲ್ಲ, ಆದರೆ ಡ್ರೈವರಿಗೆ ಬುದ್ಧಿ ಹೇಳಿ ಹೇಳಿಯೇ ಸರ್ವಿಸ್ ಮುಗಿಸಿದವನು. ಸೀಟಿ ಮಾತ್ರ ಇನ್ನೂ ಕೊರಳಲ್ಲೇ ಇತ್ತು.

ಪ್ಯಾರಿಬಿಗೆ ಜೀಪಿನ ಮೇಲೆ ಸಿಟ್ಟಿರಲಿಲ್ಲ. ತವರಿನವರ ನಗೆಯ ಮೇಲೆ ಸಿಟ್ಟಿತ್ತು. ಅವಳ ತಮ್ಮ ಜಮೀರನದು ಘತ್ತರಗಿಯ ಗುಡಿ ಹತ್ತಿರ ಬಳೆ ಅಂಗಡಿ. ಗಂಡನ ಮೋಟಾರ್‌ಸೈಕಲ್ಲಿನ ಹಿಂದೆ ಕೂತು, ಅವನ ಮಗುಚಿ ಹೊಲಿದ ಕಾಲರನ್ನೇ ದಾರಿಯುದ್ದಕ್ಕೂ ನೋಡುತ್ತ, ಅವಳು ತವರಿಗೆ ಹೋದಾಗಲೆಲ್ಲ ಜಮೀರ, "ಆಪಾ, ಜೀಪ್ ಎಲ್ಲಿ ಬಿಟ್ಟಬಂದಿ?" ಎನ್ನುತ್ತಿದ್ದ. ಬಳೆ ಇಡಿಸಿಕೊಳ್ಳುವ ಹೆಂಗಸರೂ ನಗುತ್ತಿದ್ದರು. "ಬರೋ ಈದಿಗೆ" ಎನ್ನುತ್ತ ಅವಳು ಎಷ್ಟೋ ಈದು ಕಳೆದಳು.

ಕೊನೆಗೆ ಒಂದು ದಿನ ಅವಳು ಗಂಡನ ಮುಂದೆ ಕಟ್ಟುನಿಟ್ಟಾಗಿ ಹೇಳಿದಳು. "ಬರೋ ಅಮಾಸಿಗೆ ಈ ಗಾಡಿ ಸ್ವಂತ ಕಾಲ ಮ್ಯಾಲ ನನ್ನ ಕರ್ಕೊಂಡು ನನ್ನ ತಮ್ಮನ ಬಾಗಲಿಗಿ ಹೋಗಿ ನಿಲ್ಲಬೇಕ್ರಿ. ನಿಂತ್ರ ಇರಲಿ, ಸಾಯೋತನಕ ಅಂಗಳದಾಗ ಇರಲಿ. ನಿಲ್ಲಲಿಲ್ಲಂದ್ರ ಖಂಡಪ್ಪ ಒಯ್ತಾನ. ನಾ ಫೋನ್ ಮಾಡಿ ಹೇಳೀನಿ."

ಗೌಸಮೊಹಿದ್ದೀನ ಹಗಲಿರುಳೆನ್ನದೆ ದುಡಿದ. ಇಂಜಿನ್ನು ಕೆಮ್ಮಿ ಕೆಮ್ಮಿ ಸುರುವಾಯಿತು. ಉಳಿದದ್ದು ಹಿಂದಿನ ಅಚ್ಚು ಮಾತ್ರ, ಎರಡು ಚಕ್ರಗಳ ನಡುವೆ ಹೊಟ್ಟೆ ಉಬ್ಬಿಸಿಕೊಂಡು ಮಲಗಿರುವ ಕಬ್ಬಿಣ. ಘತ್ತರಗಿಗೆ ಹೋಗುವ ಹೊಲದ ದಾರಿಯಲ್ಲಿ ಒಂದು ಹಳ್ಳ. ಅದರ ಎರೆಮಣ್ಣು ಎಂಥ ಗಾಡಿಯ ಹೊಟ್ಟೆಯನ್ನೂ ಹಿಡಿದುಕೊಳ್ಳುತ್ತದೆ. ಗಾಡಿ ಸ್ವಲ್ಪ ಎತ್ತರ ಆಗಬೇಕಲ್ಲ ಎಂದು ಯೋಚಿಸುತ್ತಿದ್ದವನ ಕಣ್ಣು ಸವೆದ ಅಚ್ಚಿನ ಮೇಲೆ ಬಿತ್ತು. ಅಪ್ಪ ನೆನಪಾದ. ಅಚ್ಚನ್ನು ಮಗುಚಿ ಹಾಕಿದ. ಅಚ್ಚಿನ ಕೆಳಗಿದ್ದ ಕಮಾನಿನ ಪಾಟಾಗಳು, ಅಂದರೆ ಸ್ಪ್ರಿಂಗಿನ ಪಟ್ಟಿಗಳು, ಈಗ ಅಚ್ಚಿನ ಮೇಲೆ ಕೂತವು, ಜೀಪಿನ ಹಿಂಭಾಗ ಗೇಣುದ್ದ ಮೇಲೆದ್ದಿತು.

"ಕಂಪನಿಯವರಿಗೆ ಇದು ಹೊಳೀಲಿಲ್ಲ ನೋಡಲೇ ಗೌಸ" ಎಂದ ಪಾಂಡುರಂಗ, ಬಹಳ ಗಂಭೀರವಾಗಿ.

ಅಮಾವಾಸ್ಯೆಯ ಬೆಳಿಗ್ಗೆ ಖಂಡಪ್ಪ ಟೆಂಪೋದೊಂದಿಗೆ ಹಾಜರಾಗಿ, ಎಳೆಯಲು ತಂದ ದಪ್ಪ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಪ್ಯಾರಿಬಿ ಹೊಸ ಬುರ್ಖಾ ತೊಟ್ಟು, ತಮ್ಮನ ಮಕ್ಕಳಿಗೆಂದು ಡಬ್ಬಿಯಲ್ಲಿ ಸಿಹಿ ಮಾಲದಿ ತುಂಬಿಕೊಂಡು ಕಟ್ಟೆಯ ಮೇಲೆ ಕುಂತಿದ್ದಳು. ಗೌಸಮೊಹಿದ್ದೀನ ಬಿಸ್ಮಿಲ್ಲಾ ಎಂದು ಮೊದಲನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಜೀಪು ಸರ್ರನೆ ಹಿಂದೆ ಹೋಗಿ ಕೋಳಿಗೂಡಿನ ಮೇಲೆ ಕುಳಿತಿತು.

ಗೇರು ತಪ್ಪಿರಬೇಕೆಂದು ಎರಡನೆಯದಕ್ಕೆ ಹಾಕಿದ. ಇನ್ನೂ ಜೋರಾಗಿ ಹಿಂದೆ ಹೋಗಿ ಬಚ್ಚಲ ಗೋಡೆಗೆ ಗುದ್ದಿತು. ಹಿಂದಿನ ಗೇರಿಗೆ ಹಾಕಿದರೆ ಮುಂದೆ ಬಂತು, ಆದರೆ ಆ ವೇಗಕ್ಕೆ ಕೋಳಿಗಳೇ ಅದನ್ನು ದಾಟಿ ಹೋದವು. ಗೇಟಿಗೆ ಬರುವಷ್ಟರಲ್ಲಿ ರೇಡಿಯೇಟರಿನ ನೀರು ಕುದಿಯಿತು. ನಾಲ್ಕೂ ಚಕ್ರ ಹಾಕಿ ನೋಡೋಣವೆಂದು ಇನ್ನೊಂದು ಹಿಡಿಕೆ ಎಳೆದ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಮುಂದಿನ ಚಕ್ರಗಳು ಜೇವರ್ಗಿಗೆ ಹೊರಟವು, ಹಿಂದಿನವು ಆಳಂದಕ್ಕೆ. ಜೀಪು ನಿಂತಲ್ಲೇ ಚಳಿಜ್ವರ ಬಂದಂತೆ ನಡುಗಿತು.

ಗೌಸಮೊಹಿದ್ದೀನನಿಗೆ ಆಗ ತಿಳಿಯಿತು. ಬಂಡಿಯ ಅಚ್ಚು ಬರೀ ಕಬ್ಬಿಣ. ಜೀಪಿನ ಅಚ್ಚಿನ ಹೊಟ್ಟೆಯಲ್ಲಿ ಹಲ್ಲಿನ ಚಕ್ರ ಇರುತ್ತದೆ. ಮಗುಚಿದಾಗ ಅದೂ ಈ ಬದಿಯಿಂದ ಆ ಬದಿಗೆ ಹೋಗಿದೆ. ಇಂಜಿನ್ನು ಮುಂದೆ ಎಂದರೆ ಹಿಂದಿನ ಚಕ್ರ ಹಿಂದೆ ಎನ್ನುತ್ತದೆ. ಮತ್ತೆ ಬಿಚ್ಚಿ ಕೂಡಿಸುವಷ್ಟರಲ್ಲಿ ಮುಂದಿನ ಅಮಾವಾಸ್ಯೆ ಬಂದಿರುತ್ತದೆ.

"ಹಿಂದ ಹೋಗೋ ಗಾಡಿ ಗುಜರಿಗಿ ಒಯ್ಯಾಕ ಭಾಳ ಅನುಕೂಲ, ಕಾಕಾ" ಎಂದು ಖಂಡಪ್ಪ ಹಗ್ಗ ಬಿಚ್ಚತೊಡಗಿದ.

ಗೌಸಮೊಹಿದ್ದೀನ ಹೆಂಡತಿಯ ಕಡೆ ತಿರುಗಿದ. ಮೆತ್ತಗೆ ಕೇಳಿದ. "ಪ್ಯಾರಿ, ಸ್ವಂತ ಕಾಲ ಮ್ಯಾಲ ಹೋಗಬೇಕಂದಿ. ಮಾರಿ ಯಾವ ಕಡೀಗೆ ಇರಬೇಕು ಅಂತ ಏನಾರ ಹೇಳಿದ್ದೇನ?"

ಪ್ಯಾರಿಬಿ ತಾನು ಆಡಿದ್ದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಆಡಿ ನೋಡಿದಳು. ಮಾತಿಗೆ ತಪ್ಪುವ ಹೆಂಗಸಲ್ಲ ಅವಳು. "ಅದೊಂದು ಹೇಳಿಲ್ರಿ" ಎಂದು ಡಬ್ಬಿ ಎತ್ತಿಕೊಂಡು ಎದ್ದಳು.

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಜೀಪನ್ನು ಬೀದಿಯಲ್ಲಿ ತಿರುಗಿಸಿ, ಬೆನ್ನನ್ನು ಘತ್ತರಗಿಯ ಕಡೆ ಮಾಡಿ, ಹೊಲದ ದಾರಿ ಹಿಡಿದರು. ಹಿಂದಿನ ತುದಿಯಲ್ಲಿ ಪ್ಯಾರಿಬಿ ಮತ್ತು ಸೀಟಿ ಊದಿ ದಾರಿ ಹೇಳಲು ಪಾಂಡುರಂಗ ಕೂತರು. ಜೀಪು ನಡುದಾರಿಯಲ್ಲಿ ಸತ್ತರೆ ಹೊತ್ತೊಯ್ಯಲು ಖಂಡಪ್ಪನ ಟೆಂಪೋ ಬೆನ್ನು ಹತ್ತಿತು. ಬೆನ್ನು ಹತ್ತಿತು ಎನ್ನುವುದೂ ತಪ್ಪೇ. ಜೀಪಿನ ಮುಖ ಅವನ ಕಡೆಗೇ ಇತ್ತಲ್ಲ, ಹೀಗಾಗಿ ಇಬ್ಬರೂ ದಾರಿಯುದ್ದಕ್ಕೂ ಎದುರುಬದುರು ಕೂತ ಬೀಗರಂತೆ ಒಬ್ಬರ ಮುಖ ಒಬ್ಬರು ನೋಡುತ್ತ ಸಾಗಿದರು.

ಅಮಾವಾಸ್ಯೆಯಾದ್ದರಿಂದ ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ನಡೆದು ಹೋಗುವ ಜನ ದಾರಿ ತುಂಬ ಇದ್ದರು. ಅವರಲ್ಲೊಬ್ಬ ಹಳೆಯ ಪ್ಯಾಸೆಂಜರನ್ನು ಕಂಡು ಪಾಂಡುರಂಗ, "ಏನ್ರಿ ಅಣ್ಣಾರಾಯರ, ಆರಾಮ್ರಿ?" ಎಂದು ಕೂತಲ್ಲಿಂದಲೇ ಹರಟೆಗಿಳಿದ. ಸೀಟಿ ಮರೆತ. ಜೀಪು ತೊಗರಿ ಹೊಲಕ್ಕೆ ನುಗ್ಗಿತು. ಪ್ಯಾರಿಬಿ ಅವನ ಕೊರಳಿನಿಂದ ಸೀಟಿ ಕಿತ್ತುಕೊಂಡು ತನ್ನ ಬಾಯಿಗಿಟ್ಟಳು. "ಮುಂದ ಹೋಗಿ ಕುಂದರ್ರಿ ಅಣ್ಣಾ." ಅಲ್ಲಿಂದ ಮುಂದೆ ಒಂದು ಊದಿದರೆ ಎಡ, ಎರಡು ಊದಿದರೆ ಬಲ, ಉದ್ದಕ್ಕೆ ಊದಿದರೆ ನಿಲ್ಲು. ಗೌಸಮೊಹಿದ್ದೀನ ಖಂಡಪ್ಪನ ಮುಖವನ್ನೇ ನೋಡುತ್ತ, ಕಿವಿಯಿಂದ ಗಾಡಿ ಓಡಿಸಿದ.

ನಡೆಯುವವರು ಮೊದಲು ನಕ್ಕರು. ಆಮೇಲೆ ಒಬ್ಬ ಮುದುಕಿ, "ಏನ ಬೇಡ್ಕೊಂಡಾರೋ ಪಾಪ, ಮಾರಿ ತಿರುಗಿಸದಂಗ ಹೊಂಟಾರ" ಎಂದಳು. ನಗೆ ನಿಂತಿತು. ಉರುಳುವವರು, ದೀಡ ನಮಸ್ಕಾರ ಹಾಕುವವರು ಇರುವ ದಾರಿ ಅದು. ಹಿಮ್ಮುಖ ಹೋಗುವ ಹರಕೆಯೂ ಇರಬಾರದೇಕೆ? ಜನ ಬದಿಗೆ ಸರಿದು ಕೈ ಮುಗಿದರು. ಬಾನೆಟ್ಟಿಗೆ ಕುಂಕುಮ ಬಿತ್ತು, ತೆಂಗಿನಕಾಯಿ ಬಂತು. "ನಮ್ದು ಹರಕಿ ಅಲ್ರಿ, ಹಿಂದಿನ ಅಚ್ಚು..." ಎಂದು ಗೌಸಮೊಹಿದ್ದೀನ ತೊದಲಿದ. ದೇವರ ಕೆಲಸದಲ್ಲಿದ್ದವನು ಮಾತಾಡಬಾರದೆಂದು ಮುದುಕಿ ಸನ್ನೆ ಮಾಡಿದಳು.

ಹಳ್ಳ ಬಂತು. ಇಲ್ಲಿ ನಿಂತರೆ ಜೀಪಿನ ಆಯುಷ್ಯ ಮುಗಿಯಿತು. ಆದರೆ ಎತ್ತರಿಸಿದ ಹೊಟ್ಟೆಗೆ ಕೆಸರು ತಾಗಲೇ ಇಲ್ಲ. ಪ್ಯಾರಿಬಿ ಎಡ, ಬಲ ಎಂದು ಮೇಲಿಂದ ಮೇಲೆ ಸೀಟಿ ಊದುತ್ತಿದ್ದಂತೆ ಜೀಪು ಹೆಗಲು ಕುಣಿಸುತ್ತ ಆಚೆ ದಂಡೆ ಏರಿತು. ನೋಡಿದರೆ ಖಂಡಪ್ಪನ ಟೆಂಪೋ ನಡುಹಳ್ಳದಲ್ಲಿ ಹೂತು ಕೂತಿತ್ತು.

ಖಂಡಪ್ಪ ಕೆಸರಿನಲ್ಲಿ ನಿಂತು ಅತ್ತಿತ್ತ ನೋಡಿದ. ಜೀಪು ಎಳೆಯಲೆಂದು ತಂದ ಹಗ್ಗ ಹೆಗಲ ಮೇಲೇ ಇತ್ತು. "ಕಾಕಾ" ಎಂದ. ಹಗ್ಗವನ್ನು ಮುಂದೆ ಚಾಚಿದ. ಪಾಂಡುರಂಗ ಇಳಿದು ಹಗ್ಗದ ಒಂದು ತುದಿಯನ್ನು ಜೀಪಿನ ಮೂಗಿಗೆ, ಇನ್ನೊಂದನ್ನು ಟೆಂಪೋದ ಮೂಗಿಗೆ ಕಟ್ಟಿದ. ಮೊದಲನೇ ಗೇರು. ಜೀಪು ಹಿಂದೆ ಸರಿಯಿತು, ಟೆಂಪೋ ಮುಂದೆ ಬಂತು. ದಂಡೆ ಏರಿದ ಮೇಲೆ ಟೆಂಪೋದ ಇಂಜಿನ್ನು ಸುರುವಾಗಲಿಲ್ಲ, ಹಗ್ಗ ಹಾಗೇ ಉಳಿಯಿತು. ಗೌಸಮೊಹಿದ್ದೀನನಿಗೆ ಅಪ್ಪನ ಕೈ ಕಣ್ಣಮುಂದೆ ಬಂತು. ಇಳಿದು ಹೋಗಿ, ಕುಂಕುಮ ಮೆತ್ತಿದ ಬಾನೆಟ್ಟನ್ನು ಒಮ್ಮೆ ಸವರಿ ಬಂದು ಕೂತ.

ಜಮೀರನ ಬಳೆ ಅಂಗಡಿಯ ಮುಂದೆ ಮೊದಲು ಬಂದದ್ದು ಸೀಟಿಯ ಸದ್ದು. ಆಮೇಲೆ ಪ್ಯಾರಿಬಿ, ಆಮೇಲೆ ಜೀಪಿನ ಬೆನ್ನು, ಆಮೇಲೆ ಜೀಪು, ಅದರ ಮೂಗಿಗೆ ಕಟ್ಟಿದ ಟೆಂಪೋ, ಕಡೆಗೆ ಕೈ ಮುಗಿದುಕೊಂಡ ಒಂದಿಷ್ಟು ಜನ. ಬಳೆ ಇಡಿಸಿಕೊಳ್ಳುತ್ತಿದ್ದ ಹೆಂಗಸರು ಕೈ ಹಾಗೇ ಬಿಟ್ಟು ಎದ್ದು ನಿಂತರು.

"ಆಪಾ, ಗಾಡಿ ಉಲ್ಟಾ ಯಾಕ ಬಂತು?" ಎಂದ ಜಮೀರ.

"ಬಂತೋ ಇಲ್ಲೋ ಅಷ್ಟ ಹೇಳು" ಎಂದಳು ಪ್ಯಾರಿಬಿ.

"ಬಂತು."

"ಖಂಡಪ್ಪಾ, ನಿನ್ನ ಹಗ್ಗ ಬಿಚ್ಕೋ. ಗಾಡಿ ನಮ್ಮದು."

ಗೌಸಮೊಹಿದ್ದೀನನಿಗೆ ಅವಳ ಮುಖ ಕಾಣುತ್ತಿರಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡೇ ಹೇಳಿದ, "ತಪ್ಪಾತು ಪ್ಯಾರಿ. ನಾಳೆ ಅಚ್ಚು ಬಿಚ್ಚಿ ಸೀದಾ ಹಾಕ್ತೇನಿ. ಮುಂದಿನ ಸಲ ಮರ್ಯಾದಿಯಿಂದ ಬರೋಣು."

"ಅಚ್ಚಿಗಿ ಕೈ ಹಚ್ಚಿದ್ರ ಅವತ್ತ ಖಂಡಪ್ಪಗ ಫೋನ್ ಮಾಡ್ತೇನಿ" ಎಂದಳು ಪ್ಯಾರಿಬಿ. ಸೀಟಿಯನ್ನು ಬುರ್ಖಾದ ಅಂಚಿನಿಂದ ಒರೆಸಿದಳು. "ಸೈಕಲ್ ಮ್ಯಾಲ ನಿಮ್ಮ ಬೆನ್ನ ನೋಡ್ದೆ. ಲೂನಾ ಮ್ಯಾಲ ನಿಮ್ಮ ಬೆನ್ನ ನೋಡ್ದೆ. ಮೋಟಾರ್‌ಸೈಕಲ್ ಬಂತು, ಮತ್ತ ನಿಮ್ಮ ಬೆನ್ನ. ನನ್ನ ತವರಮನಿ ದಾರಿ ಹೆಂಗದ ಅನ್ನೋದು ನಾ ಇವತ್ತ ನೋಡೀನ್ರಿ."

ಗೌಸಮೊಹಿದ್ದೀನನ ಕೈ ತಂತಾನೇ ಕೊರಳ ಹಿಂದೆ ಹೋಗಿ ಕಾಲರನ್ನು ಸರಿಮಾಡಿಕೊಂಡಿತು.

ಚಹಾ ಕುಡಿದು, ಜೀಪಿನ ಬೆನ್ನನ್ನು ಈಗ ತಮ್ಮೂರ ಕಡೆ ಮಾಡಿ, ಸಂಜೆಗೆ ಹೊರಟರು. ಪಾಂಡುರಂಗ ಸೀಟಿಗಾಗಿ ಎರಡು ಸಲ ಕೈ ಚಾಚಿ ನೋಡಿದ, ಅದು ಸಿಗಲಿಲ್ಲ. ಪ್ಯಾರಿಬಿ ಹಿಂದೆ, ಅಂದರೆ ಎಲ್ಲರಿಗಿಂತ ಮುಂದೆ, ಕಾಲು ಇಳಿಬಿಟ್ಟುಕೊಂಡು ಕೂತಳು. ಒಮ್ಮೆ ಸೀಟಿ ಊದಿದಳು. ಗೌಸಮೊಹಿದ್ದೀನ ಎಡಕ್ಕೆ ತಿರುಗಿಸಿದ.