ಮೊಳೆಗೆ ತೂಗಿದ ಹರಕೆ

ಮುಂಬಯಿ ಹೊರವಲಯದ ಡೊಂಬಿವಲಿ ಪೂರ್ವದ ನಮ್ಮ ಕಟ್ಟಡಕ್ಕೆ ಬರುವ ಕಳ್ಳನಿಗೆ ಸ್ವಲ್ಪ ಬುದ್ಧಿ ಇದ್ದಿದ್ದರೆ ಅವನು ಒಂದೇ ಮನೆಗೆ ಕನ್ನ ಹಾಕಿ ಎಲ್ಲವನ್ನೂ ದೋಚಬಹುದಿತ್ತು. ನೆಲಮಹಡಿಯಲ್ಲಿ, ಮೆಟ್ಟಿಲಿನ ಪಕ್ಕದಲ್ಲೇ ಸತ್ಯಮ್ಮನ ಮನೆ. ಬಾಗಿಲ ಹಿಂದಿನ ಗೋಡೆಗೆ ಸಾಲಾಗಿ ಮೊಳೆಗಳು, ಒಂದೊಂದು ಮೊಳೆಗೂ ಒಂದೊಂದು ಮನೆಯ ಚಾವಿ. ನಮ್ಮಲ್ಲಿ ಹೆಚ್ಚಿನವರು ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಬೆಳಿಗ್ಗೆ ಲೋಕಲ್ ರೈಲು ಹಿಡಿಯುವ ಗಡಿಬಿಡಿಯಲ್ಲಿ ಚಾವಿಯನ್ನು ಅವಳ ಕೈಗೆ ತುರುಕಿ ಓಡುವುದು, ಸಂಜೆ ಬಂದು ಇಸಕೊಳ್ಳುವುದು. ನಡುವೆ ಗ್ಯಾಸ್ ಸಿಲಿಂಡರ್ ಬಂದರೆ ಒಳಗಿಡಿಸುವವಳು ಅವಳು. ಮಧ್ಯಾಹ್ನ ನೀರು ಬಿಟ್ಟಾಗ ಮನೆಮನೆಗೆ ಹೋಗಿ ಡ್ರಮ್ಮು ತುಂಬುವವಳು ಅವಳು. ನಾನು ಥಾಣೆ ಊರಿನ ನನ್ನ ಆಫೀಸಿನಿಂದ ಫೋನ್ ಮಾಡಿ, "ತೊಗರಿಬೇಳೆ ಉಂಟಾ ಸತ್ಯಮ್ಮ?" ಎಂದು ಕೇಳುತ್ತಿದ್ದುದು ನನ್ನದೇ ಅಡುಗೆಮನೆಯ ಬಗ್ಗೆ.

ಸತ್ಯಮ್ಮ ಕಲಬುರಗಿ ಕಡೆಯ ಕ್ರೈಸ್ತರವಳು. ಗಂಡ ವಸಂತಕುಮಾರ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವವನು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವರಿಗೆ ಮಕ್ಕಳಿಲ್ಲ. ಹಾಗೆಂದು ನನ್ನ ಮಗಳು ನಿಶ್ಮಿತಾಳ ಎದುರು ಹೇಳಿದರೆ ಅವಳು ಜಗಳಕ್ಕೆ ಬರುತ್ತಾಳೆ. ಶಾಲೆಯಿಂದ ಬಂದವಳು ನಾನು ಮನೆಗೆ ಬರುವ ತನಕ ಇರುತ್ತಿದ್ದುದು ಅಲ್ಲೇ.

ಇಷ್ಟು ಜನ ನೆಚ್ಚಿಕೊಂಡಿದ್ದರೂ ಸತ್ಯಮ್ಮನಿಗೆ ಒಂದು ಕೊರಗಿತ್ತು. ಅವಳು ಹರಕೆಯ ಮಗಳು. ಅವಳಿಗಿಂತ ಮೊದಲು ಹುಟ್ಟಿದ ಕೂಸುಗಳು ಉಳಿಯದೆ, ಅವಳ ತಾಯಿ ಭೀಮಮ್ಮ ಊರಿನ ಚರ್ಚಿನಲ್ಲಿ ಮೊಣಕಾಲೂರಿ, "ಇದೊಂದು ಉಳಿದ್ರ ನಿನ್ನ ಸೇವಾಕ್ಕ ಬಿಡ್ತೀನಿ" ಎಂದು ದೇವರಿಗೆ ಮಾತು ಕೊಟ್ಟಿದ್ದಳು. ಕೂಸು ಉಳಿಯಿತು. ಬರೀ ಉಳಿಯಲಿಲ್ಲ, ನಮ್ಮ ಮೆಟ್ಟಿಲಿನಲ್ಲಿ ಎದುರಾದರೆ ನಾವು ಗೋಡೆಗೆ ಅಂಟಿ ನಿಲ್ಲಬೇಕಾಗುವಷ್ಟು ಪುಷ್ಟಿಯಾಗಿ ಬೆಳೆಯಿತು. ಆಮೇಲೆ ಮದುವೆ, ಡೊಂಬಿವಲಿ, ಚಾವಿ. ಪ್ರತಿ ಭಾನುವಾರ ಊರಿನಿಂದ ತಾಯಿಯ ಫೋನು ಬರುತ್ತಿತ್ತು. ಕೇಳುತ್ತಿದ್ದುದು ಒಂದೇ ಮಾತು.

"ಸೇವಾ ಚಾಲೂ ಆಯ್ತೇನು?"

"ಆಗ್ತದ ಅವ್ವಾ."

ಪಾಪ, ಅವಳು ಪ್ರಯತ್ನಪಡಲಿಲ್ಲವೆಂದಲ್ಲ. ಪಕ್ಕದೂರು ಕಲ್ಯಾಣದ ಚರ್ಚಿನಲ್ಲಿ ಹಾಡಲು ನಿಂತಳು. ಅವಳ ಸ್ವರಕ್ಕೆ ಉಳಿದವರ ಹಾಡು ದಾರಿ ತಪ್ಪಿತು. ಮಕ್ಕಳಿಗೆ ಪಾಠ ಹೇಳಲು ಹೋದಳು; ಇವಳು ಕನ್ನಡದಲ್ಲಿ ಕೇಳಿದ್ದಕ್ಕೆ ಅವು ಮರಾಠಿಯಲ್ಲಿ ತರಲೆ ಉತ್ತರ ಕೊಟ್ಟವು, ಇವಳು ಬಿದ್ದು ಬಿದ್ದು ನಕ್ಕಳು, ಪಾಠ ಅಲ್ಲಿಗೇ ಮುಗಿಯಿತು. ಕಾಯಿಲೆಯವರನ್ನು ಕಂಡು ಸಮಾಧಾನ ಹೇಳಲು ಆಸ್ಪತ್ರೆಗೆ ಹೋದರೆ, ಅಲ್ಲಿ ಇವಳೇ ಅತ್ತು, ಮಲಗಿದ್ದ ಅಜ್ಜಿ ಎದ್ದು ಕೂತು ಇವಳನ್ನು ಸಂತೈಸಬೇಕಾಯಿತಂತೆ.

ಎರಡು ಸಾವಿರದ ಹನ್ನೊಂದರ ಚಳಿಗಾಲದಲ್ಲಿ ತಾಯಿಯ ತಾಳ್ಮೆ ಮುಗಿಯಿತು. "ಕ್ರಿಸ್ಮಸ್ಸಿಗಿ ನಾನೇ ಬರ್ತೀನಿ. ಸೇವಾ ಇದ್ರ ಕಣ್ಣಾರ ನೋಡ್ತೀನಿ. ಇಲ್ಲಂದ್ರ ಹಬ್ಬ ಆದ ಮ್ಯಾಲ ನನ್ನ ಜೋಡಿ ನಡಿ. ಇಲ್ಲಿ ಚರ್ಚಿನ ಸಭಾಕ್ಕ ಮನಿಮನಿಗಿ ಹೋಗಿ ಪ್ರಾರ್ಥನಾ ಮಾಡೋ ಸೇವಕಿ ಬೇಕಾಗ್ಯಾಳ. ನಾ ಮಾತು ಕೊಟ್ಟೀನಿ" ಎಂದಳು. ವಸಂತಕುಮಾರನನ್ನು ಕೇಳಿದರೆ, "ದೇವರ ವಸ್ತು ಅಂದ ಮ್ಯಾಲ ನಾ ಹ್ಯಾಂಗ ಬ್ಯಾಡ ಅನ್ಲಿ, ಜಯಕ್ಕಾ?" ಎಂದು ತಲೆ ತಗ್ಗಿಸಿದ. ನನಗೆ ಚಾವಿಯ ಚಿಂತೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕಿಂತ ಹೆಚ್ಚಾಗಿ, ಸಂಜೆ ಆ ಬಾಗಿಲು ತಟ್ಟಿದರೆ ಬೇರೆ ಯಾರದೋ ಮುಖ ಕಾಣಿಸುವುದನ್ನು ನೆನೆಸಿಕೊಳ್ಳಲಿಕ್ಕೇ ನನ್ನಿಂದ ಆಗಲಿಲ್ಲ.

ತಾಯಿ ಬರುವ ಮುಂಚಿನ ವಾರ ಸತ್ಯಮ್ಮ ಮೂರು ದಿನದ ಉಪವಾಸ ಪ್ರಾರ್ಥನೆಗೆ ಕೂತಳು. "ನನ್ನಿಂದ ಏನು ಕೆಲಸ ಆಗಬೇಕು ಅಂತ ದೇವ್ರು ಬಾಯಿಬಿಟ್ಟು ಹೇಳೋತನಕ ಏಳಂಗಿಲ್ರಿ. ಮೂರು ದಿನ ಚಾವಿ ಗೀವಿ ಇಲ್ಲ. ಮೊಣಕಾಲೂರಿದ್ರ ಸಾಕು, ಬೆಲ್ ಹೊಡೀತದ. ಹಿಂಗಾದ್ರ ದೇವರ ಮಾತು ಕಿವಿಗಿ ಬೀಳೋದು ಹ್ಯಾಂಗ?" ಎಂದು ಒಳಗಿನಿಂದ ಚಿಲಕ ಹಾಕಿಕೊಂಡಳು.

ಎರಡನೇ ದಿನ ಸಂಜೆ ನಾನು ಆಫೀಸಿನಿಂದ ಬಂದಾಗ ಆ ಬಾಗಿಲು ಹಾರು ಹೊಡೆದಿತ್ತು. ಸತ್ಯಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಒದ್ದೆ ಮುದ್ದೆಯಾಗಿ, ನೆಲ ಒರೆಸುತ್ತಿದ್ದಳು.

"ಎಂತ ಆಯ್ತು ಮಾರಾಯ್ತಿ?"

"ಏನ್ ಹೇಳ್ಲಿ ಜಯಕ್ಕಾ. ಕಣ್ಣು ಮುಚ್ಚಿ, 'ಕರ್ತನೇ, ನಿನ್ನ ಆಶೀರ್ವಾದ ನನ್ನ ಮ್ಯಾಲ ಸುರಿಸು' ಅಂದೆ. ನೆತ್ತಿ ಮ್ಯಾಲ ತಣ್ಣಗ ಹನಿ ಬಿತ್ತು. ಸ್ತೋತ್ರ ಅಂದೆ. ಮತ್ತೊಂದು ಬಿತ್ತು. ಸ್ತೋತ್ರ, ಸ್ತೋತ್ರ ಅಂದೆ. ಆಮ್ಯಾಲ ಧಾರಿಗಟ್ಟಿ ಸುರೀಲಾಕ ಹತ್ತಿತು. ಇಷ್ಟು ಬ್ಯಾಡಪ್ಪಾ ಅಂತ ಕಣ್ಣು ತೆರದು ನೋಡ್ತೀನಿ, ಫ್ಯಾನಿನ ಕೊಂಡಿ ಬಾಜೂಕಿಂದ ನೀರು!"

ಮೇಲಿನ ಮನೆ ಪುಂಡರೀಕಾಕ್ಷರದು. ನಮ್ಮ ಉಡುಪಿಯವರೇ. ಬ್ಯಾಂಕಿನಿಂದ ನಿವೃತ್ತರಾದ ಒಂಟಿ ಜೀವ, ನಮ್ಮ ಕಟ್ಟಡದ ಸೊಸೈಟಿಯ ಕಾರ್ಯದರ್ಶಿ. ಮೆಟ್ಟಿಲಿನ ಪ್ರತಿ ತಿರುವಿಗೂ 'ನೀರನ್ನು ಮಿತವಾಗಿ ಬಳಸಿ' ಎಂದು ಬರೆದು ಅಂಟಿಸಿದವರು ಅವರೇ. ಬೆಳಿಗ್ಗೆ ನೀರಿಲ್ಲದಾಗ ನಲ್ಲಿ ತಿರುಗಿಸಿ, ಹಾಗೇ ಬಿಟ್ಟು, ಯಕ್ಷಗಾನದ ಅಭ್ಯಾಸಕ್ಕೆಂದು ಹೋಗಿದ್ದಾರೆ. ಮಧ್ಯಾಹ್ನ ನೀರು ಬಂದಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅವರ ಚಾವಿಯೂ ಸತ್ಯಮ್ಮನ ಗೋಡೆಯ ಮೇಲೇ ಇತ್ತು. ಆದರೆ ನಮ್ಮ ಹಾಗೆ ಅಲ್ಲ. ಲಕ್ಕೋಟೆಯಲ್ಲಿ ಹಾಕಿ, ಅಂಟಿಸಿ, ಅಂಟಿನ ಮೇಲೆ ಅಡ್ಡಲಾಗಿ ರುಜು ಹಾಕಿ ಕೊಟ್ಟಿದ್ದರು, ಬ್ಯಾಂಕಿನ ಮನುಷ್ಯ. ಸತ್ಯಮ್ಮ ಆ ರುಜುವನ್ನು ಹರಿದು, ಮೇಲೆ ಓಡಿ, ನಲ್ಲಿ ನಿಲ್ಲಿಸಿ, ಅವರ ಮಂಚದಡಿಯ ಪೆಟ್ಟಿಗೆಯಿಂದ ಯಕ್ಷಗಾನದ ಜರಿ ಬಟ್ಟೆಗಳನ್ನೆಲ್ಲ ತೆಗೆದು ತನ್ನ ಬಾಲ್ಕನಿಯಲ್ಲಿ ಒಣಹಾಕಿದ್ದಳು. ಕ್ರೈಸ್ತರ ಮನೆಯ ಹಗ್ಗದಲ್ಲಿ ಆ ದಿನ ರಾವಣನ ದಗಲೆ ತೂಗಾಡುತ್ತಿತ್ತು. ಪುಂಡರೀಕಾಕ್ಷರು ಬಂದು ನೋಡಿ, "ನಾನು ನಲ್ಲಿ ತೆರೆದಿಡುವ ಜನ ಅಲ್ಲ. ಅದೇ ತೆರೆದುಕೊಂಡದ್ದು" ಎಂದರು.

ನಾನು ನಕ್ಕು ನಕ್ಕು ಸುಸ್ತಾದೆ. ಸತ್ಯಮ್ಮ ನಗಲಿಲ್ಲ. ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಳು. "ಉಪಾಸ ಮುರೀತು. ದೇವ್ರು ಏನೂ ಹೇಳ್ಲಿಲ್ಲ, ಬರೇ ನೀರು ಬಿಟ್ಟ. ಅವ್ವಗ ಏನ್ ತೋರಸ್ಲಿ?" ಎಂದಳು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂತು. ಅವಳಿಗೂ ಅವಳ ದೇವರಿಗೂ ನಡುವಿನ ಮಾತು, ನಾನು ಬಾಯಿ ಹಾಕುವುದು ಸರಿಯಲ್ಲವೆಂದು ನುಂಗಿಕೊಂಡೆ.

ಭೀಮಮ್ಮ ಬಂದಳು. ಗಿಡ್ಡ, ಒಣಕಲು, ಬೆನ್ನು ಮಾತ್ರ ನೆಟ್ಟಗೆ. ಒಂದು ತಗಡಿನ ಟ್ರಂಕು, ಅದಕ್ಕೆ ಒತ್ತಿದರೆ ಚಾವಿಯಿಲ್ಲದೆಯೂ ಹಾಕಿಕೊಳ್ಳುವ ದಪ್ಪನೆಯ ಬೀಗ, ಒಂದು ಗಂಟು ಜೋಳದ ರೊಟ್ಟಿ, ಶೇಂಗಾ ಹಿಂಡಿ. ಟ್ರಂಕಿನ ಚಾವಿಯನ್ನು ಕುತ್ತಿಗೆಗೆ ಕಟ್ಟಿಕೊಂಡಿದ್ದವಳಿಗೆ ಸತ್ಯಮ್ಮ, "ಇಲ್ಲಿ ಎಲ್ಲಾರ ಚಾವೀನೂ ಇಲ್ಲೇ ಇರ್ತಾವ ಅವ್ವಾ" ಎಂದು ಅದನ್ನೂ ಒಂದು ಮೊಳೆಗೆ ಹಾಕಿದಳು. ಮುದುಕಿ ಒಂದಿಡೀ ದಿನ ಕೂತು ಆ ಬಾಗಿಲನ್ನು ನೋಡಿದಳು. ಬೆಲ್ಲು, ಚಾವಿ, ಬೆಲ್ಲು, ಚಾವಿ. ಸಂಜೆಗೆ ತೀರ್ಪು ಬಂತು.

"ಇದೇನು ನಿನ್ನ ಸೇವಾ? ಮನಿ ಕಾಯಾಕ ಒಂದು ನಾಯಿ ಸಾಕಾಗ್ತಿತ್ತು. ಹಬ್ಬ ಆಗ್ಲಿ, ನಡಿ ಊರಿಗಿ."

ಸತ್ಯಮ್ಮ ಒಳಗೆ ಹೋಗಿ ಸೀರೆ ಮಡಚತೊಡಗಿದಳು.

ಕ್ರಿಸ್ಮಸ್ಸಿನ ಹಿಂದಿನ ದಿನ ಅವಳು ಕಲ್ಯಾಣದ ಚರ್ಚಿಗೆ ತೋರಣ ಕಟ್ಟಲು ಹೋದಳು. ಮನೆಯಲ್ಲಿ ತಾಯಿ ಒಬ್ಬಳೇ. ಭೀಮಮ್ಮನ ಊರಿನಲ್ಲಿ ಗೋಡೆಗೆ ಸುಣ್ಣ ಬಳಿಯದೆ ಕ್ರಿಸ್ಮಸ್ ಆಗುವುದಿಲ್ಲ. ಗಂಟಿನ ತಳದಲ್ಲಿ ಸುಣ್ಣವನ್ನೂ ಕಟ್ಟಿ ತಂದಿದ್ದಳು. ಬಾಗಿಲ ಹಿಂದಿನ ಗೋಡೆ ಮಾಸಿದ್ದು ಅವಳ ಕಣ್ಣಿಗೆ ಬಿತ್ತು. ಪರರ ಮನೆಯ ಚಾವಿ, ಒಂದು ಕಳೆದರೂ ಮಗಳ ಹೆಸರಿಗೆ ಮಸಿ ಎಂದು ಯೋಚಿಸಿ, ಎಲ್ಲವನ್ನೂ ಮೊಳೆಯಿಂದ ಬಿಡಿಸಿ, ಬೀಗ ತೆರೆದೇ ಇದ್ದ ಟ್ರಂಕಿನೊಳಗೆ ಜೋಪಾನವಾಗಿ ಇಟ್ಟು, ಬೀಗ ಒತ್ತಿ, ಗೋಡೆಗೆ ಬೆಳ್ಳಗೆ ಸುಣ್ಣ ಬಳಿದಳು.

ಟ್ರಂಕಿನ ಚಾವಿಯೂ ಆ ಚಾವಿಗಳ ಜೊತೆ ಒಳಗೇ ಹೋಗಿತ್ತು.

ಸಂಜೆ ಒಬ್ಬೊಬ್ಬರೇ ಬಂದೆವು. ಮೊದಲು ನಾನು. ಸತ್ಯಮ್ಮ ಆಗಷ್ಟೇ ಬಂದು, ಖಾಲಿ ಮೊಳೆಗಳನ್ನು ನೋಡುತ್ತ ತಲೆಗೆ ಕೈ ಹೊತ್ತು ನಿಂತಿದ್ದಳು. ಆಮೇಲೆ ಮೂರನೇ ಮಹಡಿಯವರು, ರಬಾಳೆಯ ಕಡೆ ಕೆಲಸಕ್ಕೆ ಹೋಗಿ ಬರುವ ಗಂಡ ಹೆಂಡತಿ, ಎದುರು ಮನೆಯ ಮರಾಠಿ ಅಜ್ಜಿ, ಎಲ್ಲರೂ. ಪುಂಡರೀಕಾಕ್ಷರು ತಮ್ಮ ಕೈಯಲ್ಲಿದ್ದ ಚಾವಿಯನ್ನು ನಲ್ಲಿಯ ಘಟನೆಯಾದ ಮೇಲೆ ಎಲ್ಲಿಟ್ಟರೋ ಮರೆತು, ಈಗ ಇಲ್ಲಿಯದನ್ನೇ ನೆಚ್ಚಿಕೊಂಡಿದ್ದರು. ರುಬ್ಬುಗುಂಡು ತೆಗೆದುಕೊಂಡು ಬೀಗಕ್ಕೆ ಹೊಡೆಯಲು ಹೋಗಿ ತಮ್ಮ ಹೆಬ್ಬೆರಳಿಗೇ ಹೊಡೆದುಕೊಂಡರು. ವಸಂತಕುಮಾರ ಕಾರ್ಖಾನೆಯಿಂದ ಹ್ಯಾಕ್ಸಾ ಗರಗಸ ತರುವುದಾಗಿ ಫೋನಿನಲ್ಲಿ ಹೇಳಿದ. ಪಾಳಿ ಮುಗಿಯುವುದಕ್ಕೆ ಇನ್ನೂ ಹೊತ್ತಿತ್ತು. ಮನೆಯಿದ್ದೂ ಮನೆಯಿಲ್ಲದವರಾಗಿ ನಾವೆಲ್ಲ ಸತ್ಯಮ್ಮನ ಹಾಲಿನಲ್ಲಿ, ಅಡುಗೆಮನೆಯಲ್ಲಿ, ಮೆಟ್ಟಿಲಿನ ಮೇಲೆ ಕೂತೆವು. ಯಾರಿಗೂ ಸಿಟ್ಟು ಬರಲಿಲ್ಲ. ಅದೇ ಮನೆಗಳಲ್ಲಿ ಮೇಲೆ ಕೆಳಗೆ ವರ್ಷಗಟ್ಟಲೆ ಇದ್ದವರು ಮೊದಲ ಸಲ ಒಬ್ಬರ ಪಕ್ಕ ಒಬ್ಬರು ಕೂತು ಹರಟಿದೆವು. ಸತ್ಯಮ್ಮ ದೊಡ್ಡ ಪಾತ್ರೆಯಲ್ಲಿ ಚಹಾ ಇಟ್ಟಳು. ಯಾರಿಗೆ ಸಕ್ಕರೆ ಬೇಡ, ಯಾರಿಗೆ ಶುಂಠಿ ಬೇಕು ಎಂದು ಅವಳು ಯಾರನ್ನೂ ಕೇಳಲಿಲ್ಲ.

ಭೀಮಮ್ಮ ತಪ್ಪಿತಸ್ಥೆಯ ಹಾಗೆ ಟ್ರಂಕಿನ ಮೇಲೆಯೇ ಕೂತಿದ್ದಳು. ರಜೆಗೆ ಚಿಕ್ಕಮ್ಮನ ಮನೆಗೆ ಹೋಗಿದ್ದು ಆ ಸಂಜೆಯಷ್ಟೇ ನನ್ನ ಜೊತೆ ಮರಳಿದ್ದ ನಿಶ್ಮಿತಾ ಒಳಗೆ ಹೋಗಿ, ಕಪಾಟಿನ ಹಿಂದಿನ ಡಬ್ಬಿಯನ್ನು ತಾನೇ ಎಳೆದು, ಚಿಕ್ಕಿ ತಂದು ಅಜ್ಜಿಯ ಕೈಗೂ ಒಂದು ಕೊಟ್ಟಳು.

"ನೀ ಯಾರ ಕೂಸವ್ವಾ? ನಿನ್ನ ಮನಿ ಯಾವುದು?"

"ಮೇರಾ ಘರ್ ಊಪರ್ ಹೈ ಆಜೀ," ಎಂದಳು ನಿಶ್ಮಿತಾ, ಚಿಕ್ಕಿ ಜಗಿಯುತ್ತ. "ಲೇಕಿನ್ ಮೈಂ ರಹತೀ ಯಹೀಂ ಹೂಂ."

ಮನೆ ಮೇಲಿದೆ, ಆದರೆ ನಾನಿರುವುದು ಇಲ್ಲೇ; ಕಲಬುರಗಿಯವಳಿಗೆ ಇಷ್ಟು ಹಿಂದಿ ಅರ್ಥವಾಗದೆ ಇರುತ್ತದೆಯೇ? ಮುದುಕಿ ಚಿಕ್ಕಿಯನ್ನು ಬಾಯಿಗಿಡಲಿಲ್ಲ. ಸುತ್ತ ಕೂತವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಚಹಾದ ಪಾತ್ರೆ ಹಿಡಿದು ಬೆವರುತ್ತಿದ್ದ ಮಗಳನ್ನು ನೋಡಿದಳು. ಎದ್ದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ ಜೋರಾಗಿ ಪ್ರಾರ್ಥನೆ ಶುರುಮಾಡಿಯೇ ಬಿಟ್ಟಳು. ನಾವೂ ಕೈಮುಗಿದು ಕೂತೆವು. ಏಳೋಣವೆಂದರೆ ಹೋಗುವುದಾದರೂ ಎಲ್ಲಿಗೆ?

"ತಂದಿ, ಈ ಕೂಸಿಗಿ ನಿನ್ನ ಕೈಯಾಗ ಕೊಟ್ಟಿದ್ದೆ. ಕೊಟ್ಟ ಮ್ಯಾಲ ಸುಮ್ಮ ಕೂಡಬೇಕಿತ್ತು. ಕೂಡ್ಲಿಲ್ಲ. ವಾರಾವಾರ ಫೋನ್ ಹಚ್ಚಿ, ಎಲ್ಲಿಟ್ಟಿ, ಏನ್ ಮಾಡ್ದಿ ಅಂತ ಕೇಳ್ದೆ. ನೀ ಕಳದೀದಿ ಅಂತ ತಿಳದಿದ್ದೆ. ಕಳದಿಲ್ಲ. ಈ ಮಂದಿ ಚಾವಿ ಜೋಡಿ, ಇದೇ ಗ್ವಾಡಿಗಿ, ಮೊಳಿಗಿ ಹಾಕಿ ಇಟ್ಟೀದಿ. ಇಟ್ಟಲ್ಲೇ ಇರ್ಲಿ. ನಾ ಇನ್ನ ಕೇಳಾಂಗಿಲ್ಲ. ಆಮೆನ್."

ಸತ್ಯಮ್ಮ ಪಾತ್ರೆಯನ್ನು ನೆಲಕ್ಕಿಟ್ಟು ಗೊಳೋ ಎಂದು ಅತ್ತಳು. ನಾನೂ ಅತ್ತೆ, ನಾಚಿಕೆಯೇನೂ ಇಲ್ಲ. ಪುಂಡರೀಕಾಕ್ಷರು ಊದಿದ ಹೆಬ್ಬೆರಳನ್ನು ಎತ್ತಿ ಹಿಡಿದುಕೊಂಡೇ, "ಆಮೆನ್, ಕೃಷ್ಣಾರ್ಪಣಮಸ್ತು" ಎಂದು ಎಲ್ಲರಿಗಿಂತ ಜೋರಾಗಿ ಹೇಳಿದರು. ಬಾಗಿಲಲ್ಲಿ ವಸಂತಕುಮಾರ ಹ್ಯಾಕ್ಸಾ ಹಿಡಿದು ತಲೆ ಬಗ್ಗಿಸಿ ನಿಂತಿದ್ದ. ಯಾವಾಗ ಬಂದನೋ ತಿಳಿಯದು.

ಬೀಗ ಕತ್ತರಿಸಿದ ಮೇಲೂ ಯಾರೂ ಅವಸರದಿಂದ ಏಳಲಿಲ್ಲ. ಭೀಮಮ್ಮ ಒಂದೊಂದೇ ಚಾವಿ ಎತ್ತಿ, "ಇದು ಯಾರದು?" ಎಂದು ಕೇಳಿ ತನ್ನ ಕೈಯಾರೆ ಕೊಟ್ಟಳು. ಸುಣ್ಣದ ಕೈ. ನನ್ನ ಚಾವಿಯ ತೂತಿನಲ್ಲಿ ಆ ಬಿಳುಪು ಬಹಳ ದಿನ ಹಾಗೇ ಇತ್ತು.

ಹಬ್ಬ ಕಳೆದು ಅವಳು ಒಬ್ಬಳೇ ಊರಿಗೆ ಹೋದಳು. ಭಾನುವಾರದ ಫೋನು ಮಾತ್ರ ನಿಲ್ಲಲಿಲ್ಲ. ಒಮ್ಮೆ ನಾನು ಚಾವಿಗೆಂದು ಹೋದಾಗ ಸತ್ಯಮ್ಮ ನನ್ನನ್ನು ಕಂಡು, ನಗುತ್ತ, ಫೋನನ್ನು ನನ್ನ ಕಿವಿಗೆ ಹಿಡಿದಳು. ಆ ಕಡೆಯಿಂದ ಮುದುಕಿಯ ದನಿ ಅವಸರದಲ್ಲಿ ಕೇಳುತ್ತಿತ್ತು.

"ಎಲ್ಲಾರೂ ಮನಿ ಮುಟ್ಟಿದ್ರೇನು? ಆ ಲಕ್ಕೋಟಿ ಮುದುಕ ಇವತ್ತರೆ ನಲ್ಲಿ ಬಂದ್ ಮಾಡ್ಯಾನೇನು?"