ಐದು ಬೆರಳಿನ ಹಕ್ಕಿ

ದೀಪಾವಳಿಗೆ ಸುಣ್ಣ ಹೊಡೆಸಲೆಂದು ಟ್ರಂಕು ಖಾಲಿ ಮಾಡುವಾಗ ಹಳೆಯ ಸೀರೆಯ ಮಡಿಕೆಯಲ್ಲಿ ಒಂದು ಮಸಿ ಶೀಶೆ ಸಿಕ್ಕಿತು. ಮುಚ್ಚಳಕ್ಕೆ ಹಚ್ಚಿದ ಮೇಣ ಇನ್ನೂ ಗಟ್ಟಿಯಾಗಿತ್ತು. ಕೆರೆದು ತೆಗೆದೆ. ಕರ್ಪೂರ ಬೆರೆತಂಥ ವಾಸನೆ... ಮೊದಲು ನೆನಪಾದವಳು ಪಕ್ಕದ ಮನೆಯ ಅಕ್ಕ. ಅವಳ ಬೆನ್ನಿಗೇ ಬಂದದ್ದು ನನ್ನ ಹೊಟ್ಟೆಕಿಚ್ಚು.

ಎಂಬತ್ತರ ದಶಕದ ಮಾತು. ಆಳಂದದ ಆ ಓಣಿಗೆ ನಾನು ಹೊಸ ಸೊಸೆ. ಓದು ಕಡಿಮೆ, ಅಡಿಗೆ ಅಷ್ಟಕ್ಕಷ್ಟೆ. ಆದರೆ ದೀಪಾವಳಿ ಅಮಾವಾಸ್ಯೆಗೆ ಹೊಸ್ತಿಲ ಮುಂದೆ ಲಕ್ಷ್ಮಿಯ ಹೆಜ್ಜೆ ಮೂಡಿಸಲು ಎಲ್ಲರಿಗೂ ನಾನೇ ಬೇಕು. ಮುಷ್ಟಿ ಬಿಗಿಹಿಡಿದು, ಅದರ ಮಗ್ಗುಲನ್ನು ಸುಣ್ಣದಲ್ಲಿ ಅದ್ದಿ ನೆಲಕ್ಕೆ ಒತ್ತಿದರೆ ಪಾದ. ಮೇಲೆ ಬೆರಳ ತುದಿಯಿಂದ ಐದು ಚುಕ್ಕೆ. ಅತ್ತೆಮನೆಯಲ್ಲಿ ನನ್ನದು ಅಂತ ಇದ್ದದ್ದು ಆ ಹೆಸರೊಂದೇ.

ಅಷ್ಟರಲ್ಲಿ ಈ ಅಕ್ಕ ಬಂದಳು. ಗಂಡ ನೈಜೀರಿಯಾದಲ್ಲಿ ಗಣಿತದ ಮಾಸ್ತರನಾಗಿದ್ದವನು. ಬಂಗಾರ ತಂದಿರಬೇಕು ಎಂದು ಓಣಿಯೆಲ್ಲ ನೋಡಲು ಹೋದರೆ, ನಡುಮನೆಯ ಗೋಡೆಗೆ ತೂಗುಹಾಕಿದ್ದು ಅವಳೇ ಮಸಿಯಲ್ಲಿ ಬರೆದ ಚಿತ್ರ! ಒಂದು ದೊಡ್ಡ ಹಕ್ಕಿ. ಎರಡೂ ಕಾಲಿಗೆ ಐದೈದು ಬೆರಳು. ಮಣ್ಣು ಕೆದರುತ್ತಿದೆ, ಕೆದರಿದಲ್ಲೆಲ್ಲ ಕವಡೆ ಚೆಲ್ಲಿವೆ. ಅಲ್ಲಿಯ ಯೊರುಬಾ ಜನರಿಗೆ ಸಿರಿಯ ತಾಯಿ ಅಜೆ. ಅವಳು ಹಕ್ಕಿಯಾಗಿ ಇಳಿದು ಬರುತ್ತಾಳೆ, ಕಾಲ್ಬೆರಳು ಬಿಚ್ಚಿ ಹರಡಿದಷ್ಟೂ ಸಂಪತ್ತು ಬೆಳೆಯುತ್ತದೆ ಎಂದು ಸಂತೆಯಲ್ಲಿ ಗೆಣಸು ಮಾರುವವಳೊಬ್ಬಳು ಅಕ್ಕನಿಗೆ ಕತೆ ಹೇಳಿದ್ದಳಂತೆ. ಒಂದೊಂದು ಗರಿಯೂ ಬೇರೆಬೇರೆ ಕಾಣುವ ಗೆರೆ. ಕೂದಲೆಳೆಯಷ್ಟು ಸಣ್ಣದು, ಎಲ್ಲಿಯೂ ಕೈ ನಡುಗಿದ ಗುರುತಿಲ್ಲ. ಎಲ್ಲರೂ ಹೊಗಳಿದರು. ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ಆ ವರ್ಷದ ಅಮಾವಾಸ್ಯೆಗೆ ಎದುರುಮನೆಯ ಹಿರಿಯಳು, ಓಣಿಗೆಲ್ಲ ಕಾಕು, ನನ್ನನ್ನು ಬಿಟ್ಟು ಅಕ್ಕನನ್ನು ಕರೆದಳು. "ಆ ತಸ್ಬೀರಿನಾಗಿನ ಲಕ್ಷ್ಮಿ ಹೆಜ್ಜಿನೇ ಬರೀ ಬೇ" ಅಂದಳಂತೆ. ನಾನು ಸುಣ್ಣದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತು ನೋಡಿದೆ. ಅಕ್ಕ ಬೀದಿಯಿಂದ ದೇವರ ಕೋಣೆಯವರೆಗೆ ಬಾಣದ ಗುರುತಿನಂತೆ ಕಾಣುವ ಹಕ್ಕಿಯ ಹೆಜ್ಜೆ ಬರೆದು ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕಾಕು ಹೊರಗೆ ಬಂದು ನೋಡಿದವಳೇ ಬಾಯಿ ಬಾಯಿ ಬಡಿದುಕೊಂಡಳು.

"ಯವ್ವಾ! ಬಾಣದ ಮೊನಿ ಬೀದಿ ಕಡೆ ಐತಲ್ಲ! ಲಕ್ಷ್ಮಿ ಮನಿ ಬಿಟ್ಟು ಹೊಂಟಾಳಲ್ಲ ಬೇ!"

"ಇಲ್ರಿ ಕಾಕು, ಒಳಗ ಬರಾಕತ್ತಾಳ. ಬೆರಳು ಒಳಗ, ಹಿಮ್ಮಡ ಹೊರಗ."

"ಯಾವ ಹಕ್ಕಿ ಹಿಂಗ ನಡಿತೈತಿ?"

ಅಕ್ಕನಿಗೆ ಸುಳ್ಳು ಬರುತ್ತಿರಲಿಲ್ಲ. "ಕೋಳಿರಿ," ಅಂದಳು.

ನಮ್ಮದು ಲಿಂಗವಂತರ ಓಣಿ. ಕೋಳಿ ಸಾಕುವ ಮಾತಿರಲಿ, ಅದರ ಹೆಜ್ಜೆಯ ಗುರುತೂ ಯಾರಿಗೂ ಗೊತ್ತಿರಲಿಲ್ಲ. ಲಕ್ಷ್ಮಿಯ ಜಾಗದಲ್ಲಿ ಕೋಳಿ! ಕಾಕು ಕೊಡಗಟ್ಟಲೆ ನೀರು ಸುರಿದು ಎಲ್ಲ ತೊಳೆದಳು. ಅಕ್ಕ ನಗುತ್ತಲೇ ನನ್ನ ಕಡೆ ತಿರುಗಿದಳು.

"ತಂಗಿ, ನೀನೇ ಬಾ. ನಿನ್ನ ಕೈಯಾಗ ಲಕ್ಷ್ಮಿ ದಾರಿ ತಪ್ಪಂಗಿಲ್ಲ."

ಗೆದ್ದೆ ಎಂದುಕೊಂಡು ಕಾಕುವಿನ ಹೊಸ್ತಿಲಿಗೆ ಮುಷ್ಟಿ ಒತ್ತಿದೆ. ಒಳಗೊಳಗೇ ಎಂಥ ಖುಷಿ! ಆದರೆ ಸೋತವಳು ಮುಖ ಸಣ್ಣದು ಮಾಡಿಕೊಳ್ಳಬೇಕಲ್ಲ? ಅವಳು ಪಕ್ಕದಲ್ಲೇ ಕೂತು ನನ್ನ ಕೈ ನೋಡುತ್ತ "ಭಾಳ ಚಂದ, ಭಾಳ ಚಂದ" ಅನ್ನುತ್ತಿದ್ದಳು. ಅದಕ್ಕೂ ಉರಿಯಿತು. ನನಗೆ ಬಾರದ ಗೆರೆಯಷ್ಟೇ ಅಲ್ಲ, ನನಗಿಲ್ಲದ ಮನಸ್ಸೂ ಇವಳಿಗೆ ಯಾಕೆ ಇರಬೇಕು?

ಗಂಡನಿಗೆ ಜೇವರ್ಗಿಯಲ್ಲಿ ಕೆಲಸ ಸಿಕ್ಕಿ ಅವರು ಮನೆ ಖಾಲಿ ಮಾಡಿದರು. ಹೋಗುವ ದಿನ ಅಕ್ಕ ಚಿತ್ರವನ್ನು ಗೋಡೆಯಿಂದ ಇಳಿಸಿದಳು. ನನಗೇ ಕೊಡುತ್ತಾಳೆ ಎಂದು ಕೈ ಒರೆಸಿಕೊಂಡು ನಿಂತಿದ್ದೆ. ಅವಳು ನೇರ ಎದುರುಮನೆಗೆ ಹೋದಳು. "ಕಾಕು, ಅವತ್ತು ಹೊರಗ ಹೋದಾಕಿನ್ನ ಒಳಗ ಕರಕೊಳ್ರಿ," ಎಂದು ಕೊಟ್ಟೇಬಿಟ್ಟಳು. ಕಾಕುವೂ ನಕ್ಕು ಇಸಿದುಕೊಂಡಳು. ನನ್ನ ಕೈಗೆ ಬಂದದ್ದು ಈ ಶೀಶೆ.

"ಚಿತ್ರ ನೋಡಾವರಿಗೆ ಕೊಟ್ಟೇನಿ. ನೀ ಬರಿಯಾಕಿ. ಇದು ನಿನಗ."

ಮೈಯೆಲ್ಲ ಉರಿಯುತ್ತಿದ್ದಾಗ ಆ ಮಾತು ಕಿವಿಗೆ ಹೋಗಲಿಲ್ಲ. ಶೀಶೆಯನ್ನು ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದೆ.

ಕಾಕುವಿನ ಗೋಡೆಗೆ ತೇವ ಬಂದು ಆ ಚಿತ್ರ ಎಂದೋ ಗೆದ್ದಲಿನ ಪಾಲಾಯಿತು. ಕಾಕುವೂ ಹೋದಳು. ಹೋದ ಶ್ರಾವಣದಲ್ಲಿ ಜೇವರ್ಗಿಯಿಂದ ಬಂದ ಬೀಗರೊಬ್ಬರು ಅಕ್ಕನೂ ತೀರಿಕೊಂಡಳು ಎಂದರು. ಆ ಹಕ್ಕಿ ಹೇಗಿತ್ತೆಂದು ಬಲ್ಲವಳು ಈಗ ನಾನೊಬ್ಬಳೇ ಇರಬೇಕು...

ಮಸಿಗೆ ಕಡ್ಡಿ ಅದ್ದಿ, ಕ್ಯಾಲೆಂಡರಿನ ಬೆನ್ನ ಮೇಲೆ ಬರೆಯಲು ಕೂತೆ. ರೆಕ್ಕೆ ಹೇಗೋ ಬಂತು. ಕಾಲು ಬರಲಿಲ್ಲ. ಮುಷ್ಟಿ ಬಿಗಿಹಿಡಿದು ರೂಢಿಯಾದ ಕೈ ಇದು. ಬಿಚ್ಚಿದ ಬೆರಳು ಹೇಗೆ ಬರೆದರೂ ಮುದುಡುತ್ತವೆ. ನಿನ್ನ ಕೈ ಕಂಡರೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು, ಅಕ್ಕಾ ಎಂದು ಜೋರಾಗಿಯೇ ಹೇಳಿದೆ. ಅಕ್ಕ ಇದ್ದ ಪಕ್ಕದ ಮನೆಗೆ ಬೀಗ ಹಾಕಿತ್ತು.