ಎಡಗೈ ತೆಗೆದ ಬೀಗ

ಮೈಮೇಲೆ ದೇವರು ಬಂತು, ಸತ್ತವರು ಕನಸಿನಲ್ಲಿ ಬಂದು ಹೇಳಿ ಹೋದರು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಪಿಯು ಮಕ್ಕಳಿಗೆ ಫಿಸಿಕ್ಸ್ ಕಲಿಸುವವಳು ನಾನು. ಪದ್ಮನಾಭನಗರದ ನಮ್ಮ ಬೀದಿಯಲ್ಲಿ ಯಾರಾದರೂ ಇಂಥ ಕಥೆ ತೆಗೆದರೆ, "ಹೌದಾ, ಫೋನ್ ನಂಬರ್ ಕೊಟ್ಟು ಹೋದ್ರಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅಂಥದ್ದನ್ನೇ ನಾನು ಹೇಳಲು ಕೂತಿದ್ದೇನೆ. ನಗುವವರು ನಗಲಿ. ಒಡಹುಟ್ಟಿದವನೇ ನಂಬದ್ದನ್ನು ನೀವು ನಂಬಿ ಎಂದು ಯಾವ ಬಾಯಲ್ಲಿ ಕೇಳಲಿ?

ಅಮ್ಮ ಕತ್ರಿಗುಪ್ಪೆಯಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದಳು. ಅವಳ ಮಂಚದ ಕೆಳಗೆ ಒಂದು ತೇಗದ ಪೆಟ್ಟಿಗೆ, ಅದಕ್ಕೆ ಅವಳ ಅಜ್ಜಿಯ ಕಾಲದ ಹಿತ್ತಾಳೆ ಬೀಗ. ಆ ಬೀಗಕ್ಕೆ ಕೀಲಿಕೈ ಎಂಬುದೇ ಇರಲಿಲ್ಲ. ಸುತ್ತಲೂ ಅಂಕಿ ಕೆತ್ತಿದ ನಾಲ್ಕು ಚಕ್ರಗಳಿದ್ದವು. ನಾಲ್ಕೂ ಸರಿಯಾಗಿ ಕೂತರೆ ಮಾತ್ರ ಬಿಚ್ಚಿಕೊಳ್ಳುತ್ತಿತ್ತು. ಆ ಅಂಕಿಗಳು ಗೊತ್ತಿದ್ದದ್ದು ಅಮ್ಮನೊಬ್ಬಳಿಗೇ. ಅಪ್ಪ ಬದುಕಿದ್ದಾಗ ಅವರಿಗೂ ಹೇಳಿರಲಿಲ್ಲ. ಗೋಡೆಗೆ ಮುಖಮಾಡಿ ಕೂತು, ಬೀಗವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತೆಗೆಯುತ್ತಿದ್ದಳು. ನಾವು ಇಣುಕಿದರೆ, "ಇಲ್ಲೇನ್ ಕೋತಿ ಕುಣೀತಿದ್ಯಾ? ಹೋಗ್ರೋ ಆ ಕಡೆ" ಎಂದು ಗದರುತ್ತಿದ್ದಳು.

ನಾವು ಲಿಂಗವಂತರು. ಕೂಸಾಗಿದ್ದಾಗ ಕಟ್ಟಿದ ಲಿಂಗ ಸಾಯುವ ತನಕ ಮೈಮೇಲಿರಬೇಕು. ಸತ್ತ ಮೇಲೆ ಅದನ್ನು ಎಡ ಅಂಗೈಯಲ್ಲಿಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ನಾನು ನನ್ನದನ್ನು ಬಿಚ್ಚಿ ದೇವರ ಗೂಡಿನಲ್ಲಿಟ್ಟು ಎಷ್ಟೋ ವರ್ಷವಾಯಿತು. ಅಮ್ಮ ಸ್ನಾನಕ್ಕೂ ತೆಗೆದವಳಲ್ಲ. ಅಂಥವಳು ಆಪರೇಷನ್‌ಗೆ ಸೇರುವ ದಿನ ಬೆಳಿಗ್ಗೆ, ನನ್ನೆದುರಿಗೇ, ಬೆಳ್ಳಿ ಕರಡಿಗೆಯ ಸಮೇತ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು.

"ಆಸ್ಪತ್ರೆಯೋರು ಹೆಂಗಿದ್ರೂ ಬಿಚ್ಚಿಸ್ತಾರೆ. ಯಾರದೋ ಚಪ್ಪಲಿ ಜೊತೆ ಕವರ್‌ಗೆ ಹಾಕ್ತಾರೆ. ಬಂದ್ಮೇಲೆ ನಾನೇ ಕಟ್ಕೋತೀನಿ ಬಿಡು" ಎಂದಳು.

ಬರಲಿಲ್ಲ. ಆಪರೇಷನ್ ಆದ ಮೇಲೆ ಅವಳಿಗೆ ಎಚ್ಚರವೇ ಆಗಲಿಲ್ಲ.

ಮನೆಗೆ ತಂದು ಹಾಲ್‌ನಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ಹಣೆತುಂಬ ವಿಭೂತಿ ಬಳಿದ ಮೇಲೆ ಅಯ್ನೋರು, "ಲಿಂಗ ಎಲ್ಲಮ್ಮಾ?" ಎಂದರು. ಆಗಲೇ ನಮಗೆ ನೆನಪಾದದ್ದು. ಬೀಗ ಒಡೆಯೋಣ ಎಂದೆ ನಾನು. ಅಣ್ಣ ನನ್ನನ್ನು ಪಕ್ಕಕ್ಕೆ ಕರೆದ.

"ಈ ಜನದ ಮಧ್ಯೆ ಪೆಟ್ಟಿಗೆ ಒಡೆಯೋದ್ ಬೇಡ. ಅಮ್ಮನ ಬಳೆ, ಗುಂಡಿನ ಸರ ಎಲ್ಲಾ ಅದ್ರಲ್ಲೇ ಇದೆ. ಹನ್ನೊಂದರ ದಿನ ಎಲ್ರ ಮುಂದೆ ಕಟ್ ಮಾಡ್ಸೋಣ. ಹೊಸ ಲಿಂಗ ತರೋಕೆ ಜಯನಗರಕ್ಕೆ ಕಳ್ಸಿದ್ದೀನಿ."

ಸಂಸ್ಕಾರ ಮಾಡಿ ಕೊಡುತ್ತೇನೆ, ದೋಷವಿಲ್ಲ ಎಂದು ಅಯ್ನೋರೂ ತಲೆಯಾಡಿಸಿದರು. ನನಗೆ ಹೊಟ್ಟೆ ಉರಿದುಹೋಯಿತು. ಹುಟ್ಟಿದಾಗಿನಿಂದ ಎದೆಗವುಚಿಕೊಂಡಿದ್ದ ಲಿಂಗ ಮಂಚದ ಕೆಳಗೆ, ಅಂಗಡಿಯಿಂದ ತಂದದ್ದು ಅವಳ ಕೈಯಲ್ಲಿ! ಯಾವುದನ್ನೂ ನಂಬದ ನನಗೆ ಇದೇಕೆ ಇಷ್ಟು ಸಂಕಟವಾಯಿತೋ ಕಾಣೆ. ಅವಳು ನಂಬಿದ್ದಳಲ್ಲ, ಅಷ್ಟು ಸಾಕಿತ್ತು.

ಅಮ್ಮನ ಕೋಣೆಗೆ ಹೋಗಿ ಪೆಟ್ಟಿಗೆಯನ್ನು ಎಳೆದುಕೊಂಡು ಕೂತೆ. ಮಟಮಟ ಮಧ್ಯಾಹ್ನ. ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಅಪ್ಪ ಹುಟ್ಟಿದ ವರ್ಷ, ಅಣ್ಣ ಹುಟ್ಟಿದ ವರ್ಷ, ನಾನು ಹುಟ್ಟಿದ ವರ್ಷ, ಎಲ್ಲ ಹಾಕಿ ನೋಡಿದೆ. ಬೀಗ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಅಷ್ಟರಲ್ಲಿ ಹಾಲ್‌ನಿಂದ "ಲಿಂಗ ಬಂತು, ಎಲ್ಲ ಬನ್ನಿ" ಎಂದು ಯಾರೋ ಕೂಗಿದರು. ಗೋಡೆಗೆ ಹಣೆಯೊತ್ತಿ ಅತ್ತುಬಿಟ್ಟೆ. ಪೆಟ್ಟಿಗೆ ನನ್ನ ಮಡಿಲಿಗೆ ತಾಗಿತ್ತು, ಬೀಗದ ಮೇಲೆ ಸೆರಗು ಬಿದ್ದಿತ್ತು.

ಆಗ ನನ್ನ ಎಡಗೈ ಚಕ್ರಗಳನ್ನು ತಿರುಗಿಸುತ್ತಿತ್ತು. ಎಡಗೈಯಲ್ಲಿ ನನಗೆ ಒಂದು ಗುಂಡಿ ಹಾಕಲೂ ಬರುವುದಿಲ್ಲ. ಎಡಚಿ ಅಂದರೆ ಅಮ್ಮ. ರೊಟ್ಟಿ ತಟ್ಟುವುದಕ್ಕೂ ರಂಗೋಲಿ ಬಿಡುವುದಕ್ಕೂ ಅವಳಿಗೆ ಅದೇ ಕೈ. ನನ್ನ ಬೆರಳುಗಳಲ್ಲಿ ತಡವರಿಕೆ ಇರಲಿಲ್ಲ. ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ, ದಿನಾ ಮಾಡುವ ಕೆಲಸದ ಹಾಗೆ. ನಾನು ತಿರುಗಿಸುತ್ತಿರಲಿಲ್ಲ. ತಿರುಗುತ್ತಿರುವುದು ನನಗೆ ಗೊತ್ತಾಗುತ್ತಿತ್ತು, ಅಷ್ಟೇ. ಬೀಗ ಬಿಚ್ಚಿಕೊಂಡಿತು.

ಆ ಗಳಿಗೆಯಲ್ಲಿ ಹೆದರಿಕೆಯೇನೂ ಆಗಲಿಲ್ಲ. ಅಂಕಿಗಳ ಕಡೆ ನೋಡಲೂ ಇಲ್ಲ. ಬಟ್ಟೆಗಳ ಮೇಲೆಯೇ ಇದ್ದ ಕರಡಿಗೆಯನ್ನು ಎತ್ತಿಕೊಂಡು ಹಾಲ್‌ಗೆ ಓಡಿದೆ. ಅಯ್ನೋರು ಹೊಸದನ್ನು ಬದಿಗಿಟ್ಟು, ಅಮ್ಮನ ಲಿಂಗವನ್ನು ಅಮ್ಮನ ಅಂಗೈಯಲ್ಲಿಟ್ಟರು. ನಾನು ನೆಮ್ಮದಿಯಾಗಿ ಉಸಿರು ಬಿಟ್ಟದ್ದು ಅದೇ ಕೊನೆ.

ನಾನು ಕೋಣೆಗೆ ಮರಳುವಷ್ಟರಲ್ಲಿ ಅಣ್ಣ ಅತ್ತಿಗೆ ಅಲ್ಲಿ ಸೇರಿ ಪೆಟ್ಟಿಗೆಯ ತಳದವರೆಗೆ ಕೈಯಾಡಿಸಿದ್ದರು. ಎರಡು ರೇಷ್ಮೆ ಸೀರೆ, ಒಂದು ವಿಭೂತಿ ಗಟ್ಟಿ. ಬಳೆಯಿಲ್ಲ, ಸರವಿಲ್ಲ. ಅತ್ತಿಗೆ ಬೀಗವನ್ನು ಒತ್ತಿ ಹಾಕಿ, ಚಕ್ರಗಳನ್ನು ತಿರುವಿ, ನನ್ನ ಕಡೆ ತಿರುಗಿದರು.

"ನಂಬರ್ ಗೊತ್ತಿಲ್ಲ ಅಂತಿದ್ರಲ್ಲ, ಈಗ ಹೆಂಗ್ ಗೊತ್ತಾಯ್ತು?"

"ಈಗ್ಲೂ ಗೊತ್ತಿಲ್ಲ ಅತ್ತಿಗೆ. ಕೈ ತಾನಾಗೇ ತೆಗೀತು."

ಅಣ್ಣ ನನ್ನ ಮುಖವನ್ನೇ ನೋಡಿದ. "ಆಸ್ಪತ್ರೆಗೆ ಹೊರಡೋ ದಿನಾನೂ ನೀನೇ ಅಮ್ಮನ ಹತ್ರ ಇದ್ದೆ" ಎಂದ. ಅಷ್ಟೇ ಅಂದದ್ದು.

ಹನ್ನೊಂದರ ದಿನ ಗಣಾರಾಧನೆಯ ಊಟ ಮುಗಿಸಿ ನೆಂಟರೆಲ್ಲ ಎಲೆಯಡಿಕೆ ಹಾಕುತ್ತ ಕೂತಿದ್ದರು. ಅಣ್ಣ ಪೆಟ್ಟಿಗೆ ತಂದು ನನ್ನ ಮುಂದಿಟ್ಟ. "ಎಲ್ಲಿ, ಇನ್ನೊಂದ್ ಸಲ ತೆಗಿ ನೋಡೋಣ." ತೆಗೆದರೆ ಕಳ್ಳಿ, ತೆಗೆಯದಿದ್ದರೆ ಕಳ್ಳಿಯ ಜೊತೆಗೆ ಸುಳ್ಳಿ. ಆದರೂ ಗೋಡೆಗೆ ಮುಖಮಾಡಿ ಕೂತೆ. ಸೆರಗು ಮುಚ್ಚಿಕೊಂಡೆ, ಕಣ್ಣು ಮುಚ್ಚಿಕೊಂಡೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಎಡಗೈ ಕೊರಡಿನ ಹಾಗೆ ಬಿದ್ದಿತ್ತು. ಕೊನೆಗೆ ದೊಡ್ಡಮ್ಮ, "ಸಾಕು ಬಿಡೋ, ನಾಟ್ಕ ನೋಡಿದ್ದಾಯ್ತು" ಎಂದರು. ನನ್ನನ್ನು ಎತ್ತಿ ಆಡಿಸಿದ ದೊಡ್ಡಮ್ಮ.

ನನ್ನ ಗಂಡ ಹೇಳುವುದೇ ಬೇರೆ: ಚಿಕ್ಕಂದಿನಲ್ಲಿ ಕೇಳಿದ ಚಕ್ರಗಳ ಸದ್ದು ತಲೆಯಲ್ಲಿ ಉಳಿದಿರಬೇಕು, ದುಃಖದಲ್ಲಿ ಹೊರಗೆ ಬಂತು ಎಂದು. ಇರಬಹುದು. ಹಾಗಾದರೆ ಎಡಗೈ ಯಾಕೆ? ಎಲ್ಲರ ಮುಂದೆ ಯಾಕೆ ಬರಲಿಲ್ಲ? ಕೇಳಿದರೆ ಅವರೂ ಪೇಪರ್ ಎತ್ತಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಅಮ್ಮನೇ ನಂಬರ್ ಹೇಳಿದ್ದಳು ಎಂದು ಒಂದು ಸುಳ್ಳು ಬಿಟ್ಟಿದ್ದರೆ ಅರ್ಧಕ್ಕರ್ಧ ಜನ ನಂಬುತ್ತಿದ್ದರು. ನಿಜ ಹೇಳಿ ಕೆಟ್ಟೆ.

ಕತ್ರಿಗುಪ್ಪೆಯಿಂದ ನಮ್ಮ ಮನೆಗೆ ನಡೆದೇ ಬರಬಹುದು. ಅಣ್ಣ ಬರುವುದಿಲ್ಲ. ಅವನ ಮಗಳ ಮದುವೆಯ ಕಾರ್ಡು ನಮ್ಮ ಪಕ್ಕದ ಮನೆಗೆ ಬಂತು, ನಮಗೆ ಬರಲಿಲ್ಲ. ಬಳೆಗಳನ್ನು ಯಾರು ತೆಗೆದರೋ, ಅಮ್ಮನೇ ಯಾರಿಗೆ ಕೊಟ್ಟಿದ್ದಳೋ, ಇವತ್ತಿಗೂ ಗೊತ್ತಿಲ್ಲ. ಆ ಮಧ್ಯಾಹ್ನ ನನ್ನ ಕೈಯಲ್ಲಿ ಏನು ನಡೆಯಿತು ಎಂಬುದೂ ಗೊತ್ತಿಲ್ಲ. ಒಂದೊಂದು ಸಲ ಅಮ್ಮನ ಮೇಲೆಯೇ ಕೆಟ್ಟ ಸಿಟ್ಟು ಬರುತ್ತದೆ. ಬಂದದ್ದು ನೀನೇ ಆಗಿದ್ದರೆ, ನಿನ್ನ ಲಿಂಗ ನೀನು ತಗೊಂಡು ಹೋದೆಯಲ್ಲ ತಾಯಿ, ಆ ಬಳೆ ಎಲ್ಲಿ ಅಂತ ಒಂದು ಮಾತು ಹೇಳಿ ಹೋಗೋದಕ್ಕೆ ಏನಾಗಿತ್ತು ನಿನಗೆ?